ರಾಗಿಗೆ ಬೇಡದ ಬಿರುದು

ಮೂರು ಹೊತ್ತೂ ರಾಗಿ ಉಂಡರೆ ಸಕ್ಕರೆ ಕಾಯಿಲೆಗೆ ಮಾತ್ರೆಯೇ ಬೇಡ ಎಂಬ ಕಳೆದ ವಾರದ ಲೇಖನ ಓದಿದೆ. ದಿನಾ ಮುದ್ದೆ ಉಣ್ಣುವವನೇ ಹೇಳುತ್ತಿದ್ದೇನೆ, ಇದು ಅಪಾಯದ ಮಾತು. 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟೇ ಇದೆ. ಅಕ್ಕಿಗಿಂತ ತುಸು ಕಡಿಮೆ, ಅಷ್ಟೇ. ನಾರು ಹೆಚ್ಚು, ಕ್ಯಾಲ್ಸಿಯಂ 300 ಮಿಲಿಗ್ರಾಂ ದಾಟುತ್ತದೆ, ಒಪ್ಪಿದೆ. ಆದರೆ ನುಣ್ಣಗೆ ಬೀಸಿ, ಜರಡಿ ಹಿಡಿದು, ಬೆಲ್ಲ ಹಾಕಿ ಕಾಯಿಸಿದ ಗಂಜಿ ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುತ್ತದೆ. ಲೇಖಕರು ಹಾಡಿ ಹೊಗಳಿದ್ದು ಅದನ್ನೇ! ಎರಡು ಮುದ್ದೆ ಬದಲು ಒಂದೇ ಸಾಕು, ಬಸ್ಸಾರಿನ ಸೊಪ್ಪು-ಕಾಳು ಹೆಚ್ಚಿರಲಿ ಎಂದಿದ್ದರೆ ಪ್ರಯೋಜನವಿತ್ತು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಬಿಡಿ ಎನ್ನುವ ಮೊದಲು ಯಾವ ಓದುಗನ ರಕ್ತಪರೀಕ್ಷೆಯ ವರದಿ ನೋಡಿದ್ದರು ಇವರು?