ಹೆಣಕ್ಕೆ ಹೆಗಲು ಕೊಟ್ಟವರು

ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದ ಯು.ಆರ್. ಅನಂತಮೂರ್ತಿ ತಮ್ಮ ಗುರು ಮಾಲ್ಕಮ್ ಬ್ರಾಡ್‌ಬರಿಯವರ ಜತೆ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದರು. 1957ರ ಸ್ವೀಡಿಷ್ ಚಿತ್ರ ಅದು. ಇಂಗ್ಲಿಷ್ ಅಡಿಬರಹವೂ ಇರಲಿಲ್ಲ. ಹದಿನಾಲ್ಕನೇ ಶತಮಾನದ ಪ್ಲೇಗು, ಸಾವಿನೊಡನೆ ಚದುರಂಗಕ್ಕೆ ಕೂತ ಯೋಧ. ಯುರೋಪಿನವರು ಓದಿ ಕಟ್ಟಿಕೊಳ್ಳಬೇಕಾದ ಮಧ್ಯಯುಗ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಸಿರಾಡುತ್ತಿದೆ ಎಂದು ಇಬ್ಬರೂ ಮಾತಾಡಿಕೊಂಡರಂತೆ. 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಬಂತು.

ಬರ್ಗ್‌ಮನ್‌ನ ಆ ಚಿತ್ರದ ಹಿಂದೆ ಅಣುಬಾಂಬಿನ ಭಯವೂ ಇತ್ತು. ಲೋಕ ಮುಗಿದ ಮೇಲಿನ ಹಲವು ಕಥೆಗಳು ಹೀಗೆಯೇ ಹಳೆಯ ಪ್ಲೇಗಿನಿಂದ ಕಡ ತಂದವು. 1348ರ ಫ್ಲಾರೆನ್ಸ್ ಪ್ಲೇಗಿನ ಬಗ್ಗೆ ಬೊಕಾಚಿಯೊ ‘ಡೆಕಮೆರಾನ್’ ಆರಂಭದಲ್ಲೇ ಬರೆದಿದ್ದಾನೆ: ತಮ್ಮನನ್ನು ಅಣ್ಣ ತೊರೆದ, ಮಕ್ಕಳ ಬಳಿ ಹೆತ್ತವರೂ ಸುಳಿಯಲಿಲ್ಲ, ಹೆಣ ಹೊರಲು ಕೂಲಿಯವರು ಬಂದರು. ಅವನ ಹತ್ತು ಮಂದಿ ಯುವಕ ಯುವತಿಯರು ಊರು ಬಿಟ್ಟು ತೋಟದ ಬಂಗಲೆ ಸೇರಿ ನೂರು ಕಥೆ ಹೇಳಿಕೊಂಡರು. ಮೇರಿ ಶೆಲ್ಲಿ 1826ರಲ್ಲಿ ಬರೆದ ‘ದಿ ಲಾಸ್ಟ್ ಮ್ಯಾನ್’ನಲ್ಲಿ ಪ್ಲೇಗು ಮನುಕುಲವನ್ನೇ ತಿನ್ನುತ್ತದೆ, ಕೊನೆಗೆ ಉಳಿಯುವವನು ಒಬ್ಬನೇ. ಕಾರ್ಮ್ಯಾಕ್ ಮೆಕಾರ್ಥಿಯ ‘ದಿ ರೋಡ್’ (2006) ಹೊತ್ತಿಗೆ ದಾರಿಯಲ್ಲಿ ಎದುರಾದ ಮನುಷ್ಯ ನರಭಕ್ಷಕನೂ ಆಗಿರಬಹುದು. ಇಂಥ ಕಥೆಗಳ ಮುಖ್ಯ ಆತಂಕ ಒಂದೇ: ನಾನು ಹೇಗೆ ಉಳಿಯಲಿ?

‘ಸಂಸ್ಕಾರ’ ಕೇಳುವುದು ಬೇರೆ: ಹೆಣ ಸುಡುವವರು ಯಾರು? ಬ್ರಾಹ್ಮಣರ ಅಗ್ರಹಾರದಲ್ಲಿ ಆಚಾರ ಬಿಟ್ಟು ಬದುಕಿದ್ದ ನಾರಣಪ್ಪ ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದು ಸತ್ತಿದ್ದಾನೆ. ಇಲಿಗಳು ಬೀಳುತ್ತಿವೆ, ಮಾಡಿನ ಮೇಲೆ ಹದ್ದು ಕೂತಿವೆ. ಅಗ್ರಹಾರ ಮಾತ್ರ ಅವನ ಸಂಸ್ಕಾರಕ್ಕೆ ಶಾಸ್ತ್ರ ಹುಡುಕುತ್ತಿದೆ, ಅವನ ಜತೆ ಬಾಳಿದ ಚಂದ್ರಿಯ ಒಡವೆ ಲೆಕ್ಕ ಹಾಕುತ್ತಿದೆ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರಿಗೂ ಉತ್ತರ ಸಿಗಲಿಲ್ಲ. ಕೊನೆಗೆ ಚಂದ್ರಿ ಮೀನು ವ್ಯಾಪಾರಿ ಅಹ್ಮದ್ ಬ್ಯಾರಿಯನ್ನು ಕರೆಯುತ್ತಾಳೆ. ಅವನ ಗಾಡಿಯಲ್ಲಿ ಹೆಣ ಸಾಗುತ್ತದೆ, ರಾತ್ರೋರಾತ್ರಿ ದಹನ ಮುಗಿಯುತ್ತದೆ. ಕಾದಂಬರಿಯ ಬಹುತೇಕ ಚರ್ಚೆ ಆಚಾರ್ಯರ ತಳಮಳದ ಸುತ್ತಲೇ ನಡೆದಿದೆ. ನನಗೆ ಆ ಗಾಡಿಯೇ ದೊಡ್ಡದು. ಜಗತ್ತಿನ ಪ್ಲೇಗು ಸಾಹಿತ್ಯಕ್ಕೆ ಕನ್ನಡ ಕೊಟ್ಟದ್ದು ಅದನ್ನೇ.

ಕೊಡಗಿನ ಮಾದಾಪುರದಲ್ಲಿ ಕೂತು ಓದುವವನಿಗೆ ಇದು ಬರೀ ಸಾಹಿತ್ಯವಲ್ಲ. 2018ರ ಆಗಸ್ಟ್‌ನಲ್ಲಿ ಇಲ್ಲಿ, ಹಟ್ಟಿಹೊಳೆಯಲ್ಲಿ, ಮಕ್ಕಂದೂರಿನಲ್ಲಿ ಬರೆ ಜರಿದು ರಸ್ತೆ, ಮನೆ, ಕಾಫಿ ತೋಟ ಕೆಸರಿನೊಡನೆ ಇಳಿದವು. ಹಾಲಿವುಡ್ ನಂಬಿಸುವಂತೆ ಜನ ಒಬ್ಬರ ಮೇಲೊಬ್ಬರು ಬೀಳಲಿಲ್ಲ. ಮುದುಕರನ್ನು ಹೊತ್ತು ನಡೆದರು, ರಾಜ್ಯದ ಮೂಲೆಮೂಲೆಯಿಂದ ಅಕ್ಕಿ, ಕಂಬಳಿ ಬಂತು, ಆಮೇಲೆ ಜಂಬೂರಿನಲ್ಲಿ ಹೊಸ ಮನೆಗಳೆದ್ದವು. ಲೋಕ ಮುಗಿಯುವ ಕಥೆ ಬರೆಯುವ ಕನ್ನಡದ ಹುಡುಗ ಹುಡುಗಿಯರು ಮೆಕಾರ್ಥಿಯನ್ನು ಓದಲಿ, ಆದರೆ ಬರೆಯುವಾಗ ಅಹ್ಮದ್ ಬ್ಯಾರಿಯನ್ನು ಮೊದಲು ನೆನೆಯಲಿ.