ಕೆಂಪು ದಾರಿಗೆ ಕಾಂಕ್ರೀಟು ಹಾಕುವ ಮುನ್ನ



ಕಳೆದ ತಿಂಗಳ ಪ್ಯಾರಿಷ್ ಸಭೆಯಲ್ಲಿ ಒಂದು ವಿಷಯ ಬಂತು. ಇಗರ್ಜಿಯ ಹಿಂದಿನ ಗುಡ್ಡೆಯನ್ನು ಬಳಸಿ ಅಡಿಕೆ ತೋಟಗಳಿಗೆ ಇಳಿಯುವ ಎರಡು ಕಿಲೋಮೀಟರ್ ಮಣ್ಣಿನ ರಸ್ತೆಗೆ ಪೂರ್ತಿ ಕಾಂಕ್ರೀಟು ಹಾಕಿಸಬೇಕು, ಪಂಚಾಯತಿಗೆ ಮನವಿ ಕೊಡೋಣ ಎಂದು. ಎಲ್ಲರೂ ಕೈ ಎತ್ತಿದರು. ನಾವು ಎತ್ತಲಿಲ್ಲ. ಸಭೆ ಮುಗಿದ ಮೇಲೆ ವಾಳೆಯ ಗುರಿಕಾರರೊಬ್ಬರು ಹತ್ತಿರ ಬಂದು, "ಫಾದರ್, ನಿಮಗೆ ಸೈಕಲ್ ತುಳಿಯಲಿಕ್ಕೆ ಚಂದವೆಂದು ನಾವು ಕೆಸರಿನಲ್ಲೇ ಇರಬೇಕಾ?" ಎಂದು ಕೇಳಿದರು. ನಗುತ್ತಲೇ ಕೇಳಿದರೂ ಮಾತು ಚುಚ್ಚಿತು. ಅಲ್ಲಿ ಉತ್ತರ ಹೊಳೆಯಲಿಲ್ಲ. ಕೃಷಿ ಮತ್ತು ಆರೋಗ್ಯ ಎರಡಕ್ಕೂ ಸೇರಿದ ವಿಷಯವಾದ್ದರಿಂದ ಈ ಅಂಕಣದಲ್ಲೇ ಉತ್ತರಿಸುತ್ತೇವೆ.

ಸೈಕಲ್ಲಿನ ಮಾತು ನಿಜ. ಎರಡು ವರ್ಷದ ಹಿಂದೆ ರಕ್ತಪರೀಕ್ಷೆಯಲ್ಲಿ ಸಕ್ಕರೆ ಅಂಶ ಏರಿದ್ದು ಕಂಡು ವೈದ್ಯರು ನಮ್ಮನ್ನು ಚೆನ್ನಾಗಿ ಗದರಿಸಿದರು. ಅಂದಿನಿಂದ ವಾರಕ್ಕೆ ನಾಲ್ಕು ಬೆಳಿಗ್ಗೆ, ಪೂಜೆ ಮುಗಿದ ಮೇಲೆ, ಆ ಕೆಂಪು ದಾರಿಯಲ್ಲಿ ಮುಕ್ಕಾಲು ಗಂಟೆ ಸೈಕಲ್ ತುಳಿಯುತ್ತೇವೆ. ಇದು ನಮ್ಮೊಬ್ಬರ ಕಾಯಿಲೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ನೂರಕ್ಕೆ ಹನ್ನೊಂದು ಮಂದಿಗೆ ಮಧುಮೇಹವಿದೆ. ಗೋವಾ, ಪುದುಚೇರಿ, ಕೇರಳಗಳಲ್ಲಿ ನೂರಕ್ಕೆ ಇಪ್ಪತ್ತೈದು, ಅದಕ್ಕೂ ಮಿಕ್ಕಿ. ನಾಲ್ವರಲ್ಲಿ ಒಬ್ಬರು! ಕೃಷಿಕರ ಮನೆಗೆ ಇದು ಬರುವುದಿಲ್ಲ ಎಂಬ ಕಾಲ ಹೋಯಿತು. ಹುಲ್ಲು ಕತ್ತರಿಸಲು ಯಂತ್ರ, ಅಡಿಕೆ ಸುಲಿಯಲು ಯಂತ್ರ, ಕೂಗಳತೆ ದೂರದ ಡೈರಿಗೆ ಹಾಲು ಒಯ್ಯಲು ಸ್ಕೂಟರ್. ಆದರೆ ಊಟ ಮಾತ್ರ ಹಾರೆ ಹಿಡಿದ ಕಾಲದ್ದೇ.

ಇನ್ನು ರಸ್ತೆಯ ವಿಷಯ. ಸೆಮಿನರಿಯಲ್ಲಿ ನಮ್ಮ ಜೊತೆ ಓದಿದ ಗುರುಗಳೊಬ್ಬರು ಇಟಲಿಯ ಸಿಯೆನಾ ಕಡೆ ಸೇವೆಯಲ್ಲಿದ್ದಾರೆ. ಅವರು ಕಳುಹಿಸಿದ ಚಿತ್ರಗಳನ್ನು ನೋಡಿದಾಗ ಮೊದಲು ನಗು ಬಂತು. ಗುಡ್ಡದಿಂದ ಗುಡ್ಡಕ್ಕೆ ಏರಿಳಿಯುವ ಬಿಳಿ ಜಲ್ಲಿಯ ದಾರಿ, ಎರಡೂ ಬದಿಗೆ ಗೋಧಿ ಹೊಲ, ದ್ರಾಕ್ಷಿ ತೋಟ, ಕುರಿಹಿಂಡು. ನಡುವೆ ಧೂಳು ಮೆತ್ತಿಕೊಂಡು ಸೈಕಲ್ ತುಳಿಯುವ ಸಾವಿರಾರು ಜನ. ಬಡತನದ ರಸ್ತೆಯಲ್ಲಿ ಸಿರಿವಂತರ ಸವಾರಿ ಎಂದುಕೊಂಡೆವು. ಅವರು ಅದರ ಹಿಂದಿನ ಕಥೆ ಬರೆದ ಮೇಲೆ ನಗು ನಿಂತಿತು.

ಟಸ್ಕನಿಯ ಆ ಸೀಮೆಯಲ್ಲಿ ಹಿಂದೆ ಗೇಣಿಗೆ ದುಡಿಯುವ ಕುಟುಂಬಗಳಿದ್ದವು. ಬೆಳೆದದ್ದರಲ್ಲಿ ಒಡೆಯನಿಗೆ ಅರ್ಧ ಪಾಲು. ಮಹಾಯುದ್ಧದ ನಂತರ ಯುವಕರು ಕಾರ್ಖಾನೆಗಳಿಗೆ ಹೊರಟರು. 1964ರಲ್ಲಿ ಸರಕಾರ ಹೊಸ ಪಾಲುಗೇಣಿ ಕರಾರುಗಳನ್ನೇ ನಿಷೇಧಿಸಿತು. ಗುಡ್ಡದ ಮನೆಗಳು ಖಾಲಿ ಬಿದ್ದವು. ಆಮೇಲೆ ಟಾರು ಬಂತು. ಬಿಳಿ ದಾರಿಗಳು ಒಂದೊಂದಾಗಿ ಕಪ್ಪಾದವು. ಆಗ ಗಾಯೋಲೆ ಎಂಬ ಚಿಕ್ಕ ಊರಿನಿಂದ ಜಾನ್ಕಾರ್ಲೊ ಬ್ರೋಚ್ಚಿ ಎಂಬವರು, ಉಳಿದ ಜಲ್ಲಿ ದಾರಿಗಳನ್ನಾದರೂ ಕಾಪಾಡಬೇಕೆಂದು, 1997ರಲ್ಲಿ ಹಳೆಯ ಸೈಕಲ್ಲುಗಳ ಒಂದು ಸವಾರಿ ಏರ್ಪಡಿಸಿದರು. ಹೆಸರು 'ಎರೋಯಿಕಾ'. ಮೊದಲ ವರ್ಷ ನೂರು ಮಂದಿಯೂ ಇರಲಿಲ್ಲ. ಈಗ ಪ್ರತಿ ಅಕ್ಟೋಬರಿನಲ್ಲಿ ಸಾವಿರಾರು ಜನ. ದಾರಿಯಲ್ಲಿ ಊರವರು ಕೊಡುವುದು ಬ್ರೆಡ್ಡು, ಅವರೆಯಂಥ ಕಾಳು, ಸೊಪ್ಪು ಬೇಯಿಸಿದ ದಪ್ಪ ಸಾರು. ಹಿಂದೆ ಬಡ ಒಕ್ಕಲುಗಳು ಉಂಡದ್ದೂ ಅದನ್ನೇ. 2007ರಿಂದ 'ಸ್ತ್ರಾದೆ ಬ್ಯಾಂಕೆ', ಅಂದರೆ ಬಿಳಿ ರಸ್ತೆಗಳು, ಎಂಬ ವೃತ್ತಿಪರ ಸ್ಪರ್ಧೆಯೂ ಇದೇ ದಾರಿಗಳಲ್ಲಿ ನಡೆದು ಸಿಯೆನಾದ ದೊಡ್ಡ ಚೌಕದಲ್ಲಿ ಮುಗಿಯುತ್ತದೆ. ಕೃಷಿಕನು ತನ್ನ ಮನೆಯಲ್ಲೇ ಅತಿಥಿಗಳಿಗೆ ಊಟ, ವಸತಿ ಕೊಡಬಹುದೆಂಬ ಕಾನೂನು ಅಲ್ಲಿ 1985ರಲ್ಲೇ ಬಂದಿತ್ತು. ಖಾಲಿ ಬಿದ್ದಿದ್ದ ಎಷ್ಟೋ ಮನೆಗಳಲ್ಲಿ ಮತ್ತೆ ಒಲೆ ಉರಿಯುತ್ತಿದೆ. ಹೊರಗಿನ ಹಣವಂತರೂ ಬಂದು ಮನೆ ಕೊಂಡು ಬೆಲೆ ಏರಿಸಿದ್ದಾರೆ ಎಂಬುದನ್ನೂ ಹೇಳಬೇಕು, ಎಲ್ಲವೂ ಚಿನ್ನವಲ್ಲ.

ಟಸ್ಕನಿಯ ಸೈಕಲ್ಲಿನ ಮಾತು ಬಂದಾಗ ಜೀನೊ ಬಾರ್ತಾಲಿಯನ್ನು ಬಿಡಲಾಗದು. ಫ್ಲಾರೆನ್ಸ್ ಪಕ್ಕದ ಹಳ್ಳಿಯವರು, 1938 ಮತ್ತು 1948ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದವರು, ಭಕ್ತಿವಂತ ಕಥೋಲಿಕರು. 1943-44ರಲ್ಲಿ, ಜರ್ಮನ್ ಸೇನೆ ಅಲ್ಲಿದ್ದಾಗ, ಅಭ್ಯಾಸದ ನೆಪದಲ್ಲಿ ಫ್ಲಾರೆನ್ಸಿನಿಂದ ಅಸ್ಸೀಸಿಯವರೆಗೆ ಸೈಕಲ್ ತುಳಿದು, ಅಡಗಿದ್ದ ಯೆಹೂದ್ಯರಿಗೆ ಬೇಕಾದ ಗುರುತಿನ ಕಾಗದಗಳನ್ನು ಒಯ್ಯುತ್ತಿದ್ದರು. ಬದುಕಿದ್ದಾಗ ಈ ವಿಷಯ ಹೆಚ್ಚು ಆಡಲಿಲ್ಲ. 2000ದಲ್ಲಿ ತೀರಿಕೊಂಡರು, 2013ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಅವರನ್ನು ಗೌರವಿಸಿತು. ಸೈಕಲ್ ಸವಾರರಿಗೆ ಒಬ್ಬ ಪಾಲಕಿಯೂ ಇದ್ದಾಳೆ: ಉತ್ತರ ಇಟಲಿಯ ಘಿಸಾಲ್ಲೊ ಬೆಟ್ಟದ ಮೇಲಿನ ಪ್ರಾರ್ಥನಾಲಯದ ಮಾತೆ. ಹನ್ನೆರಡನೇ ಪಿಯುಸ್ ಜಗದ್ಗುರುಗಳು 1949ರಲ್ಲಿ ಹಾಗೆಂದು ಸಾರಿದರು.

ಈಗ ಇಂಥ ದಾರಿಗಳಿಗೆಂದೇ 'ಗ್ರಾವೆಲ್ ಬೈಕ್' ಎಂಬುದು ಬಂದಿದೆ. ನಮ್ಮ ಪೇಟೆಗಳಲ್ಲೂ ಸಿಗುತ್ತದೆ, ಒಳ್ಳೆಯದಕ್ಕೆ ಲಕ್ಷ ದಾಟುತ್ತದೆ. ಗಾಬರಿಯಾಗಬೇಡಿ. ಅದರ ಟಯರಿನ ಅಗಲ ಸುಮಾರು 40 ಮಿಲಿಮೀಟರ್. ನಿಮ್ಮ ಹಟ್ಟಿಯ ಅಟ್ಟದಲ್ಲಿ ತುಕ್ಕು ಹಿಡಿಯುತ್ತಿರುವ ಅಜ್ಜನ ಕರಿ ಸೈಕಲ್ಲಿನ ಟಯರ್ ನೋಡಿ, 28 x 1½ ಎಂದು ಅಚ್ಚಿರುತ್ತದೆ. ಅಗಲ ಹೆಚ್ಚುಕಡಿಮೆ ಅಷ್ಟೇ! ಗೇರು, ಹಗುರ, ಬ್ರೇಕು, ಇವುಗಳಲ್ಲಿ ವ್ಯತ್ಯಾಸವಿದೆ, ಅಲ್ಲಗಳೆಯುವುದಿಲ್ಲ. ಏರಿನಲ್ಲಿ ಕರಿ ಸೈಕಲನ್ನು ತಳ್ಳಬೇಕಾಗುತ್ತದೆ. ತಳ್ಳಿದರೂ ವ್ಯಾಯಾಮವೇ. ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಜಲ್ಲಿಯ ಕುಲುಕಾಟ ತಗ್ಗುತ್ತದೆ, ಹಿಡಿತವೂ ಸಿಗುತ್ತದೆ. ಇಳಿಜಾರಿನಲ್ಲಿ ತಿರುವು ಬರುವ ಮೊದಲೇ ವೇಗ ಇಳಿಸಬೇಕು. ತಿರುವಿನೊಳಗೆ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಇದನ್ನು ನಮಗೆ ಕಲಿಸಿದ್ದು ನಮ್ಮ ಮೊಣಕಾಲು.

ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150 ನಿಮಿಷಗಳ ಸಾಧಾರಣ ಶ್ರಮ, ಅಷ್ಟೇ. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಿ, ಜೇಬಿನಲ್ಲಿ ಒಂದು ತುಂಡು ಬೆಲ್ಲ ಇಟ್ಟುಕೊಂಡೇ ಹೊರಡಿ. ಬೆವರಿ ನಡುಗಿದರೆ, ಕಣ್ಣು ಕತ್ತಲಿಟ್ಟರೆ ಕೂಡಲೇ ಇಳಿದು ಅದನ್ನು ತಿನ್ನಬೇಕು. ಎದೆನೋವಿದ್ದವರು ಪರೀಕ್ಷೆಯಾಗದೆ ಹತ್ತಲೇಬೇಡಿ.

ಗುರಿಕಾರರ ಪ್ರಶ್ನೆಗೆ ಬರೋಣ. ಕಳೆದ ಜುಲೈಯಲ್ಲಿ ಕೊನೆಯ ಮನೆಯ ಬಾಯಮ್ಮನವರನ್ನು ಕುರ್ಚಿಯಲ್ಲಿ ಕೂರಿಸಿ ರಿಕ್ಷಾ ಇರುವಲ್ಲಿಗೆ ಹೊತ್ತು ತಂದದ್ದು ನಮಗೆ ಮರೆತಿಲ್ಲ, ನಾವೂ ಜೊತೆಗಿದ್ದೆವು. ಆದ್ದರಿಂದ ಮನೆಗಳಿರುವ ತನಕದ ಮುಕ್ಕಾಲು ಕಿಲೋಮೀಟರಿಗೆ ಕಾಂಕ್ರೀಟು ಬೇಕೇ ಬೇಕು, ಮನವಿಗೆ ನಾವೇ ಮೊದಲ ಸಹಿ ಹಾಕುತ್ತೇವೆ. ಉಳಿದದ್ದು ಮನೆಯಿಲ್ಲದ ಗುಡ್ಡೆಯ ದಾರಿ. ಅಲ್ಲಿ ಕೆಸರಾಗುವುದು ಮಣ್ಣಿನ ತಪ್ಪಿನಿಂದಲ್ಲ. ನಡು ತಗ್ಗಾಗಿ ಅಂಚು ಎತ್ತರವಾಗಿದೆ, ಚರಂಡಿ ಮುಚ್ಚಿದೆ, ಮಳೆನೀರು ರಸ್ತೆಯನ್ನೇ ತೋಡು ಮಾಡಿಕೊಂಡಿದೆ. ನಡುವನ್ನು ಏರಿಸಿ, ಚರಳು ಹಾಕಿ ಒತ್ತಿ, ಎರಡೂ ಕಡೆ ಚರಂಡಿ ಬಿಡಿಸಿ, ಅದರ ನೀರನ್ನು ಅಲ್ಲಲ್ಲಿ ಇಂಗುಗುಂಡಿಗೆ ತಿರುಗಿಸಿದರೆ ರಸ್ತೆ ನಿಲ್ಲುತ್ತದೆ. ಕಾಂಕ್ರೀಟಿನ ಮೇಲೆ ಬಿದ್ದ ನೀರು ಒಂದೇ ಓಟಕ್ಕೆ ಹೊಳೆ ಸೇರುತ್ತದೆ. ಗುಡ್ಡೆಗೆ ಇಳಿದ ನೀರೇ ಅಲ್ಲವೇ ಏಪ್ರಿಲಿನಲ್ಲಿ ನಿಮ್ಮ ಸುರಂಗಗಳಲ್ಲಿ ತೊಟ್ಟಿಕ್ಕುವುದು? ಜಲ್ಲಿ ರಸ್ತೆಗೆ ಪ್ರತಿ ವರ್ಷ ಕೆಲಸವಿದೆ, ಒಮ್ಮೆ ಹಾಕಿ ಮರೆಯುವಂತಿಲ್ಲ. ಕಾಂಕ್ರೀಟಿನ ಆಸೆ ಹುಟ್ಟಿದ್ದೇ ನಮ್ಮ ಈ ಸೋಮಾರಿತನದಿಂದ ಎಂಬ ಸಂಶಯ ನಮಗಿದೆ. ಕೋಪ ಬಂದರೆ ಕ್ಷಮಿಸಿ.

ಮೊಂತಿ ಹಬ್ಬ ಕಳೆದ ಮೊದಲ ಶನಿವಾರ, ಬೆಳಗಿನ ಪೂಜೆಯ ನಂತರ, ಇಗರ್ಜಿಯ ಹಿಂದಿನ ಏರಿನಿಂದ ಚರಂಡಿ ಬಿಡಿಸುವ ಕೆಲಸ ಆರಂಭಿಸುತ್ತೇವೆ. ಹಾರೆ, ಪಿಕ್ಕಾಸು, ಬುಟ್ಟಿ ತನ್ನಿ. ಗಂಜಿ, ಚಟ್ನಿ ಇಗರ್ಜಿಯದ್ದು. ಅಟ್ಟದಿಂದ ಸೈಕಲ್ ಇಳಿಸಿದವರು ಅದನ್ನೂ ತರಬಹುದು. ಪಂಪು ನಮ್ಮ ಜಗಲಿಯಲ್ಲಿದೆ.