ಬಂಧುಗಳೇ, ನಮ್ಮ ಬೀದಿಯ ಅಂಗಡಿಗೆ ಬೀಗ ಬೀಳಲು ಬಿಡಬೇಡಿ!



ನಿಮ್ಮ ಬೀದಿಯಲ್ಲಿ ಈಚೆಗೆ ಎಷ್ಟು ಅಂಗಡಿಗಳ ಷಟರ್ ಇಳಿಯಿತು? ಒಮ್ಮೆ ಎಣಿಸಿ ನೋಡಿ. ಮೊಬೈಲ್ ಅಂಗಡಿ ಹೋಯ್ತು. ಮಕ್ಕಳಿಗೆ ನೋಟ್‌ಬುಕ್, ಜಾಮಿಟ್ರಿ ಬಾಕ್ಸ್ ಕೊಡ್ತಿದ್ದ ಸ್ಟೇಷನರಿ ಅಂಗಡಿ ಹೋಯ್ತು. ಮಿಕ್ಸಿ, ಕುಕ್ಕರ್ ಮಾರ್ತಿದ್ದ ಅಂಗಡಿಯ ಮೇಲೆ 'ಬಾಡಿಗೆಗೆ ಇದೆ' ಅನ್ನೋ ಬೋರ್ಡು! ದಿನಸಿ ಅಂಗಡಿಯವರು ಇನ್ನೂ ಉಸಿರು ಬಿಗಿಹಿಡಿದು ಕೂತಿದ್ದಾರೆ. ಎಷ್ಟು ದಿನ ಕೂತಾರು?

ಅದೇ ಬೀದಿಗೆ ದಿನಕ್ಕೆ ಎಷ್ಟು ಕಂದು ಡಬ್ಬಗಳು ಬರ್ತವೆ? ಅದನ್ನೂ ಎಣಿಸಿ. ನಿಮ್ಮ ಮನೆಗೂ ಬರ್ತವೆ, ನಮ್ಮ ಮನೆಗೂ ಬರ್ತವೆ.

ಅಮೆಜಾನ್! ಈ ಹೆಸರು ಗೊತ್ತಿಲ್ಲದ ಮನೆ ಈಗ ಇಲ್ಲ. 1994ರಲ್ಲಿ ಅಮೆರಿಕದ ಒಂದು ಗ್ಯಾರೇಜಿನಲ್ಲಿ ಹುಟ್ಟಿದ ಕಂಪನಿ. 2013ರ ಜೂನಿನಲ್ಲಿ ನಮ್ಮ ದೇಶಕ್ಕೆ ಬಂತು. ಬಂದಾಗ ಪುಸ್ತಕ, ಸಿನಿಮಾ ಡಿವಿಡಿ ಮಾರ್ತೀವಿ ಅಂದಿತ್ತು, ಅಷ್ಟೇ! ಈಗ ಉಪ್ಪು, ಸೋಪು, ತೊಗರಿಬೇಳೆ, ಸೀರೆ, ಫ್ರಿಜ್ಜು, ಎಲ್ಲಾ ಅವರದೇ. ದೇಶದ ವ್ಯವಹಾರ ನಡೆಸೋ ಕಚೇರಿ ಇರೋದೂ ನಮ್ಮ ಬೆಂಗಳೂರಿನಲ್ಲೇ. ಆ ಕಚೇರಿಯ ದೀಪ ಆರಲ್ಲ. ಆರುವುದು ನಮ್ಮ ಚಿಕ್ಕಪೇಟೆ, ಎಸ್.ಪಿ. ರಸ್ತೆ, ಗಾಂಧಿಬಜಾರಿನ ಅಂಗಡಿಗಳ ದೀಪ!

'ಅಗ್ಗಕ್ಕೆ ಸಿಗುತ್ತೆ, ತಗೋತೀವಿ, ತಪ್ಪೇನು?' ಅಂತ ನೀವು ಕೇಳ್ತೀರಿ. ತಪ್ಪಿಲ್ಲ! ನಾವೂ ಬಡವರೇ, ನಾವೂ ಹತ್ತು ರೂಪಾಯಿ ಉಳಿಸೋಕೆ ನಾಲ್ಕು ಅಂಗಡಿ ಸುತ್ತುವವರೇ. ಆದರೆ ಈ ಅಗ್ಗ ಎಷ್ಟು ದಿನ ಇರುತ್ತೆ, ಅದನ್ನು ಕೇಳಿ.

ಪ್ರೈಮ್ ಅಂತ ಒಂದು ಚಂದಾ ಇದೆಯಲ್ಲ, ಅದರ ಕತೆ ನೋಡಿ. 2016ರ ಜುಲೈನಲ್ಲಿ ಶುರು ಮಾಡಿದಾಗ ವರ್ಷಕ್ಕೆ 499 ರೂಪಾಯಿ. ಜನ ಮುಗಿಬಿದ್ದರು. ಮರುವರ್ಷವೇ 999! 2021ರ ಡಿಸೆಂಬರಿನಲ್ಲಿ 1,499! ಆರು ವರ್ಷ ತುಂಬೋ ಮೊದಲೇ ಮೂರು ಪಟ್ಟು! ಅಷ್ಟು ಕೊಟ್ಟರೂ 2025ರ ಜೂನಿನಿಂದ ಅದರಲ್ಲಿ ಬರೋ ಸಿನಿಮಾ ನಡುವೆ ಜಾಹೀರಾತು. ಜಾಹೀರಾತು ಬೇಡವಾ? ವರ್ಷಕ್ಕೆ ಇನ್ನೂ 699 ತೆಗೀರಿ! ನಿಮ್ಮ ಸಂಬಳ ಅಷ್ಟರಲ್ಲಿ ಮೂರು ಪಟ್ಟು ಆಯ್ತಾ?

ಮೊದಲು ಅಗ್ಗದ ಆಸೆ ತೋರಿಸೋ ಈ ಆಟ ಅವರಿಗೆ ಹೊಸದೇನಲ್ಲ. ಅಮೆರಿಕದಲ್ಲಿ ಇಬ್ಬರು ಗೆಳೆಯರು ಮಕ್ಕಳ ಡೈಪರ್ ಮಾರೋ ಆನ್‌ಲೈನ್ ಅಂಗಡಿ ಇಟ್ಟಿದ್ದರು. ವ್ಯಾಪಾರ ಚೆನ್ನಾಗಿ ಕುದುರಿತ್ತು. ಅಮೆಜಾನ್ ತನ್ನ ಡೈಪರ್ ಬೆಲೆಯನ್ನು ಶೇ. 30ರವರೆಗೆ ಇಳಿಸಿಬಿಟ್ಟಿತು. ನಷ್ಟ ಆದರೂ ಸರಿ, ಅವರು ಮುಳುಗಲಿ! ಅವರು ತಡೆಯೋಕಾಗದೆ 2010ರಲ್ಲಿ ಅಂಗಡಿಯನ್ನು ಅಮೆಜಾನಿಗೇ ಮಾರಿದರು. 2017ರಲ್ಲಿ ಅಮೆಜಾನ್ ಅದನ್ನು ಮುಚ್ಚಿಯೇ ಬಿಟ್ಟಿತು. ಆ ಊರಿನ ದೊಡ್ಡ ದುಡ್ಡಿನವರೇ ತಡೆಯಲಾಗಲಿಲ್ಲ ಅಂದಮೇಲೆ ನಮ್ಮ ಮೂಲೆ ಅಂಗಡಿಯವರ ಪಾಡೇನು?

ಬನ್ನಿ, ಆ ಮೂಲೆ ಅಂಗಡಿಯನ್ನೇ ಒಮ್ಮೆ ನೋಡೋಣ.

ಸಂಜೆ ಏಳು ಗಂಟೆ. ಮೊಬೈಲ್ ಅಂಗಡಿಗೆ ಗಿರಾಕಿ ಬರ್ತಾರೆ. ಇಯರ್‌ಫೋನ್ ತೋರಿಸಿ ಅಂತಾರೆ. ಅಂಗಡಿಯ ಹುಡುಗ ಐದು ಡಬ್ಬ ಬಿಚ್ಚಿ ಗಾಜಿನ ಮೇಲೆ ಇಡ್ತಾನೆ. ಕಿವಿಗೆ ಹಾಕಿ ಹಾಡು ಕೇಳಿಸ್ತಾನೆ. ಯಾವುದು ಚಾರ್ಜು ನಿಲ್ಲುತ್ತೆ, ಯಾವುದು ಆರು ತಿಂಗಳಿಗೆ ಕೈಕೊಡುತ್ತೆ ಅಂತ ಪ್ರಾಮಾಣಿಕವಾಗಿ ಹೇಳ್ತಾನೆ. ಗಿರಾಕಿ ಡಬ್ಬದ ಫೋಟೋ ಹೊಡ್ಕೊಂಡು 'ಮನೇಲಿ ಕೇಳ್ಕೊಂಡು ಬರ್ತೀನಿ' ಅಂತ ಹೊರಗೆ ಬಂದು, ಅಂಗಡಿಯ ಮೆಟ್ಟಿಲ ಮೇಲೇ ನಿಂತು ಆ್ಯಪಿನಲ್ಲಿ ಆರ್ಡರ್ ಮಾಡ್ತಾರೆ! ಹುಡುಗ ಒಳಗಿಂದ ನೋಡ್ತಾನೇ ಇರ್ತಾನೆ. ಐದು ಡಬ್ಬ ಮತ್ತೆ ಮುಚ್ಚಿ ಒಳಗಿಡ್ತಾನೆ. ಬಾಡಿಗೆ ಅವನದು, ಕರೆಂಟ್ ಬಿಲ್ ಅವನದು, ತಿಳಿವಳಿಕೆ ಅವನದು. ವ್ಯಾಪಾರ ಮಾತ್ರ ಕಂಪನಿದು!

ಇದಕ್ಕಿಂತ ಅನ್ಯಾಯ ಇನ್ನೊಂದಿದೆಯಾ?

2020ರ ಲಾಕ್‌ಡೌನ್ ನೆನಪಿದೆಯಾ? ಸಂಬಳ ನಿಂತಿತ್ತು. ಕೈಯಲ್ಲಿ ಕಾಸಿರಲಿಲ್ಲ. ಆಗ ಅರ್ಧ ಷಟರ್ ಎತ್ತಿ ಅಕ್ಕಿ, ಬೇಳೆ, ಎಣ್ಣೆ ಕೊಟ್ಟವರು ಯಾರು? 'ಇರಲಿ ಬಿಡಿ ಅಕ್ಕ, ಆದಾಗ ಕೊಡಿ' ಅಂತ ಉದ್ರಿ ಪುಸ್ತಕದಲ್ಲಿ ಬರ್ಕೊಂಡವರು ಯಾರು? ಆ್ಯಪ್ ಬರ್ಕೊಂಡಿತಾ?  ಕೆಲವರ ಉದ್ರಿ ಇನ್ನೂ ತೀರಿಲ್ಲ, ಅಂಗಡಿಯವರು ಇನ್ನೂ ಬಾಯಿಬಿಟ್ಟು ಕೇಳಿಲ್ಲ. ಆಯುಧಪೂಜೆ ದಿನ ಕಡ್ಲೆಪುರಿ, ಸಿಹಿ ಕೊಟ್ಟು ನಮ್ಮ ಮಕ್ಕಳ ಹೆಸರು ಹಿಡಿದು ಮಾತಾಡಿಸೋರೂ ಅವರೇ.

ಸರಿ, ಅಂಗಡಿಯವರದು ಹೀಗಾಯ್ತು. ಡಬ್ಬ ಹೊತ್ತು ತರುವ ಹುಡುಗರಾದರೂ ಸುಖವಾಗಿದ್ದಾರಾ?

ನೋಡಿದ್ದೀರಲ್ಲ! ತನಗಿಂತ ದೊಡ್ಡ ಚೀಲ ಬೆನ್ನಿಗೆ ಹಾಕ್ಕೊಂಡು, ಲಿಫ್ಟ್ ಇದ್ದರೂ 'ಡೆಲಿವರಿಯವರು ಮೆಟ್ಟಿಲು ಹತ್ತಿ' ಅನ್ನೋ ಬೋರ್ಡ್ ಓದ್ಕೊಂಡು ನಾಲ್ಕನೇ ಮಹಡಿ ಹತ್ತುವ ಹುಡುಗರನ್ನು! ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದ ನಮ್ಮವರೇ ಅವರು. ಬೈಕು ಸಾಲದ್ದು. ಪೆಟ್ರೋಲು ಸ್ವಂತದ್ದು. ಬಿದ್ದು ಕಾಲು ಮುರಿದರೆ ಆಸ್ಪತ್ರೆ ಖರ್ಚು ಯಾರದು ಅನ್ನೋದು ಅವರಿಗೇ ಗೊತ್ತಿಲ್ಲ. ಕಂಪನಿ ಹೆಸರಿನ ಟೀ ಶರ್ಟು ಮೈಮೇಲಿದೆ, ಆದರೆ ಅವರಲ್ಲಿ ಹೆಚ್ಚಿನವರು ಕಂಪನಿಯ ನೌಕರರಲ್ಲ! ಗುತ್ತಿಗೆಯವರ ಕೆಳಗೆ, ಇಲ್ಲಾ ಆ್ಯಪಿನ ಕೆಳಗೆ ದುಡಿಯುವವರು. ಇಂಥ ಗಿಗ್ ಕಾರ್ಮಿಕರು ದೇಶದಲ್ಲಿ 77 ಲಕ್ಷ ಇದ್ದರು ಅಂತ 2020-21ರ ಲೆಕ್ಕವನ್ನು ನೀತಿ ಆಯೋಗವೇ ಕೊಟ್ಟಿದೆ. 2029-30ಕ್ಕೆ 2.35 ಕೋಟಿ ಆಗ್ತಾರಂತೆ. ನಾಳೆ ನಮ್ಮ ಮಕ್ಕಳೇ ಆ ಚೀಲ ಹೊರಬೇಕು ಅಂತ ಅರ್ಥ!

ಗೋದಾಮಿನ ಒಳಗಿನ ಕತೆ ಇನ್ನೂ ಕೆಟ್ಟದು. ಹರಿಯಾಣದ ಮಾನೇಸರ್‌ನಲ್ಲಿ ಅಮೆಜಾನ್ ಗೋದಾಮಿದೆ. 2024ರ ಬಿರುಬೇಸಿಗೆ. ಇಪ್ಪತ್ತನಾಲ್ಕು ಅಡಿ ಉದ್ದದ ಆರು ಲಾರಿ ಖಾಲಿಯಾಗೋವರೆಗೆ ನೀರು ಕುಡಿಯೋಕೆ ಹೋಗಲ್ಲ, ಶೌಚಾಲಯಕ್ಕೆ ಹೋಗಲ್ಲ ಅಂತ ಕಾರ್ಮಿಕರಿಂದ ಪ್ರತಿಜ್ಞೆ ಮಾಡಿಸಿದರು ಅಂತ ಪತ್ರಿಕೆಗಳಲ್ಲಿ ಬಂತು. ಅದನ್ನು ಓದಿದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿಯೇ ದೂರು ದಾಖಲಿಸಿಕೊಂಡು ಕೇಂದ್ರದ ಕಾರ್ಮಿಕ ಇಲಾಖೆಗೆ ನೋಟಿಸ್ ಕೊಟ್ಟಿತು. ಆ ಸುದ್ದಿಯಲ್ಲಿದ್ದ 24 ವರ್ಷದ ಹುಡುಗನ ತಿಂಗಳ ಸಂಬಳ 10,088 ರೂಪಾಯಿ. ದಿನಕ್ಕೆ ಹತ್ತು ಗಂಟೆ ದುಡಿಮೆ! ಕಂಪನಿ ಹೇಳಿದ್ದೇನು? 'ಅದೊಂದು ಬಿಡಿ ಘಟನೆ.' ಬಾಯಾರಿದವನಿಗೆ ಅದು ಬಿಡಿ ಘಟನೆ ಅನ್ನಿಸುತ್ತಾ?

ಶೌಚಾಲಯಕ್ಕೆ ಹೋಗಲ್ಲ ಅನ್ನೋ ಆ ಒಂದು ಸಾಲು ಓದಿ ನಮ್ಮ ಮನೆಯ ಹೆಣ್ಣುಮಕ್ಕಳು ಹೇಳಿದ ಮಾತನ್ನು ಇಲ್ಲಿ ಅಚ್ಚು ಹಾಕೋಕಾಗಲ್ಲ.

'ಸಣ್ಣ ವ್ಯಾಪಾರಿಗಳೂ ನಮ್ಮ ಆ್ಯಪಿನಲ್ಲಿ ಮಾರಬಹುದು' ಅಂತಾರೆ. ಜಾಹೀರಾತಿನಲ್ಲಿ ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ ಎಲ್ಲಾ ಬರುತ್ತೆ. ಒಳಗಿನ ಲೆಕ್ಕ? 2021ರ ಫೆಬ್ರವರಿಯಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಕಂಪನಿಯದೇ ಕಾಗದಪತ್ರ ಹೊರಗೆ ಹಾಕಿತು. 2019ರ ಶುರುವಿನಲ್ಲಿ ಆ್ಯಪಿನ ಮಾರಾಟಗಾರರು ನಾಲ್ಕು ಲಕ್ಷಕ್ಕೂ ಹೆಚ್ಚು. ಮಾರಾಟದ ಮೂರನೇ ಒಂದು ಭಾಗ ಬರೀ ಮೂವತ್ತಮೂರು ಜನರ ಪಾಲು! ಅದರ ಜೊತೆಗೆ ಅಮೆಜಾನ್ ತಾನೇ ಪರೋಕ್ಷವಾಗಿ ಪಾಲು ಇಟ್ಟುಕೊಂಡಿದ್ದ ಎರಡೇ ಎರಡು ಕಂಪನಿಗಳ ಪಾಲು ಸುಮಾರು ಶೇ. 35! ಉಳಿದ ಲಕ್ಷಾಂತರ ಜನರಿಗೆ ಚೂರುಪಾರು. ನಾವು ಕಾನೂನು ಮೀರಿಲ್ಲ, ಎಲ್ಲರನ್ನೂ ಒಂದೇ ಥರ ನೋಡ್ತೀವಿ ಅಂತ ಕಂಪನಿ ಹೇಳ್ತಾನೇ ಇದೆ. ನಾಲ್ಕು ಲಕ್ಷ ಜನ ಒಂದು ಕಡೆ, ಮೂವತ್ತೈದು ಜನ ಒಂದು ಕಡೆ. ಒಂದೇ ಥರವಂತೆ!

ಸರ್ಕಾರ ಏನು ಮಾಡ್ತಿದೆ? ಕೇಳಿ, ಕೋಪ ಬರುತ್ತೆ.

ಈ ಪಕ್ಷಪಾತದ ಬಗ್ಗೆ ದೆಹಲಿಯ ವ್ಯಾಪಾರಿಗಳು ದೂರು ಕೊಟ್ಟರು. 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಮೇಲೆ ತನಿಖೆಗೆ ಆದೇಶ ಮಾಡಿತು. ಮರುತಿಂಗಳೇ ಕಂಪನಿಗಳು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ತಡೆ ತಂದವು. 2021ರ ಜೂನಿನಲ್ಲಿ ಏಕಸದಸ್ಯ ಪೀಠ ಅವರ ಅರ್ಜಿ ವಜಾ ಮಾಡಿತು. ಜುಲೈನಲ್ಲಿ ವಿಭಾಗೀಯ ಪೀಠವೂ ವಜಾ ಮಾಡಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೂ ತನಿಖೆ ತಡೆಯಲ್ಲ ಅಂದಿತು. ಮೂರು ಕಡೆ ಸೋತರು! ಆದರೂ ತನಿಖಾ ವರದಿ ಮುಗಿಯೋ ಹೊತ್ತಿಗೆ 2024ರ ಆಗಸ್ಟ್. ಆಯ್ದ ಮಾರಾಟಗಾರರಿಗೆ ಒಲವು ತೋರಿಸಿ ನಿಯಮ ಮುರಿದಿದ್ದಾರೆ ಅಂತ ಆ ವರದಿಯಲ್ಲಿದೆ ಅನ್ನೋದು ಪತ್ರಿಕೆಗಳಲ್ಲೂ ಬಂತು. ಅಲ್ಲಿಗೂ ಮುಗೀಲಿಲ್ಲ. ಮಾರಾಟಗಾರ ಕಂಪನಿಗಳು ಒಂದೊಂದು ಊರಿನ ಹೈಕೋರ್ಟಿಗೆ ಒಂದೊಂದು ಅರ್ಜಿ ಹಾಕಿದವು. 2025ರಲ್ಲಿ ಅವೆಲ್ಲ ಕರ್ನಾಟಕ ಹೈಕೋರ್ಟಿಗೇ ವರ್ಗವಾದವು. ಹೊರಟ ಜಾಗಕ್ಕೇ ಬಂದು ನಿಂತಂತಾಯ್ತು!

ಅದೇ 2025ರ ಜುಲೈನಲ್ಲಿ ನಮ್ಮ ಬೀದಿಯಲ್ಲಿ ಏನಾಯ್ತು? ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್! ಯುಪಿಐ ಲೆಕ್ಕ ತೆಗೆದು, ನಾಲ್ಕು ವರ್ಷದ ಹಿಂದಿನದಕ್ಕೂ ತೆರಿಗೆ ಕಟ್ಟಿ ಅಂದರು. ಅಂಗಡಿಯವರು ಹೆದರಿ ಕ್ಯೂಆರ್ ಕೋಡ್ ಕಿತ್ತು ಹಾಕಿ 'ನೋ ಯುಪಿಐ, ಓನ್ಲಿ ಕ್ಯಾಶ್' ಅಂತ ಬರೆದು ಅಂಟಿಸಿದರು. ಬೀದಿಗಿಳಿದು ಗಲಾಟೆ ಮಾಡಿದ ಮೇಲೆ ಸರ್ಕಾರ ಮೆತ್ತಗಾಯ್ತು. ಟೀ ಮಾರುವವನ ಕ್ಯೂಆರ್ ಕೋಡ್ ಓದೋಕೆ ಸರ್ಕಾರಕ್ಕೆ ಒಂದು ಗಳಿಗೆ ಸಾಕು. ದೊಡ್ಡ ಕಂಪನಿಯ ಕಡತ ಓದೋಕೆ ಎಷ್ಟು ವರ್ಷ ಬೇಕು ಸ್ವಾಮಿ?

'ಕೋಟಿಗಟ್ಟಲೆ ಬಂಡವಾಳ ತರ್ತಾರೆ, ಕೆಲಸ ಕೊಡ್ತಾರೆ' ಅನ್ನೋ ಮಾತೂ ಇದೆ. ಹೌದು, ತರ್ತಾರೆ. 2030ರೊಳಗೆ 35 ಬಿಲಿಯನ್ ಡಾಲರ್ ಹಾಕ್ತೀವಿ ಅಂತ 2025ರ ಡಿಸೆಂಬರಿನಲ್ಲಿ ಹೇಳಿದ್ದಾರೆ. ವರ್ಷಗಟ್ಟಲೆ ನಷ್ಟ ತಡ್ಕೊಂಡು ಕೂರಬಲ್ಲವರ ಎದುರು, ಒಂದು ತಿಂಗಳ ಬಾಡಿಗೆ ತಪ್ಪಿದರೆ ನಿದ್ದೆ ಬಾರದವರನ್ನು ಕುಸ್ತಿಗೆ ಬಿಟ್ಟಿದ್ದೀರಲ್ಲ, ಇದಕ್ಕೆ ಸ್ಪರ್ಧೆ ಅಂತೀರಾ? ಕೊಡ್ತೀವಿ ಅನ್ನೋ ಕೆಲಸ ಲೆಕ್ಕ ಹಾಕುವಾಗ, ಮುಚ್ಚಿದ ಅಂಗಡಿಗಳಲ್ಲಿ ಹೋದ ಕೆಲಸವನ್ನೂ ಲೆಕ್ಕ ಹಾಕಿ!

ಈಗ ನಾವೇನು ಮಾಡಬೇಕು? ಕೈಕಟ್ಟಿ ಕೂರಬಾರದು!

ದಸರಾ, ದೀಪಾವಳಿ ಹತ್ತಿರ ಬಂದರೆ ಸಾಕು, ಫೋನಿನ ತುಂಬಾ 'ಗ್ರೇಟ್ ಇಂಡಿಯನ್ ಫೆಸ್ಟಿವಲ್'. ಹಬ್ಬ ನಮ್ಮದು, ಸುಗ್ಗಿ ಅವರದು! ಈ ಸಲ ಆ ಬಟನ್ ಒತ್ತೋ ಮೊದಲು ಒಂದು ಕೆಲಸ ಮಾಡಿ. ಆ ಬೆಲೆ ತಗೊಂಡು ನಿಮ್ಮ ಬೀದಿಯ ಅಂಗಡಿಗೆ ಹೋಗಿ. 'ಅಣ್ಣ, ಇಷ್ಟಕ್ಕೆ ಕೊಡ್ತೀರಾ?' ಅಂತ ಕೇಳಿ. ಎಷ್ಟೋ ಸಲ ಕೊಡ್ತಾರೆ! ಕೊಡೋಕಾಗದಿದ್ದರೆ ಯಾಕಾಗಲ್ಲ ಅಂತ ಹೇಳ್ತಾರೆ. ಐವತ್ತು, ನೂರು ಹೆಚ್ಚಾದರೂ ಕೆಟ್ಟಾಗ ಹಿಡ್ಕೊಂಡು ಹೋಗೋಕೆ ಒಂದು ಜಾಗ ಇರುತ್ತೆ. ದಿನಸಿ, ಸೋಪು, ಪುಸ್ತಕ, ಬಲ್ಬು, ಇಷ್ಟನ್ನಾದರೂ ಆ್ಯಪಿನಿಂದ ತರಿಸೋದನ್ನು ಇಂದೇ ನಿಲ್ಲಿಸಿ!

ಅಂಗಡಿಯವರೇ, ನಿಮಗೂ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಗಿರಾಕಿ ಬಂದಾಗ ಫೋನ್ ನೋಡ್ತಾ ಕೂರಬೇಡಿ. ಬಿಲ್ ಕೊಡಿ. ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ತಗೋಬೇಡಿ. ಕೆಟ್ಟ ಮಾಲು ವಾಪಸ್ ತಂದರೆ ಮುಖ ಗಂಟಿಕ್ಕಬೇಡಿ. ವಯಸ್ಸಾದವರು ಫೋನ್ ಮಾಡಿದರೆ ಮನೆಗೆ ಸಾಮಾನು ಕಳಿಸಿ. ನಮ್ಮ ಜನ ಆ್ಯಪಿನ ಕಡೆ ಹೋಗಿದ್ದು ಅಗ್ಗಕ್ಕೆ ಮಾತ್ರ ಅಲ್ಲ.

ಡೆಲಿವರಿ ತಮ್ಮಂದಿರೇ, ತಂಗಿಯರೇ! ನಾವು ನಿಮ್ಮ ಹೊಟ್ಟೆಪಾಡಿನ ವಿರುದ್ಧ ಇಲ್ಲ. ನಿಮ್ಮ ಬೆವರು ಕದಿಯೋರ ವಿರುದ್ಧ ಇದ್ದೀವಿ. 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ. ನಿಮ್ಮ ಕಲ್ಯಾಣ ನಿಧಿಗೆ ಕಂಪನಿಗಳು ಶೇ. 1ರಿಂದ 5ರವರೆಗೆ ಶುಲ್ಕ ಕಟ್ಟಲೇಬೇಕು. ಕಾರಣ ಹೇಳದೆ, 14 ದಿನ ಮೊದಲು ನೋಟಿಸ್ ಕೊಡದೆ ನಿಮ್ಮನ್ನು ಸುಮ್ಮನೆ ತೆಗೆದು ಹಾಕುವಂತಿಲ್ಲ. ಕಾರ್ಮಿಕ ಇಲಾಖೆಯಲ್ಲಿ ಹೆಸರು ನೋಂದಾಯಿಸಿ. ರಾಜ್ಯ ಸರ್ಕಾರದ ನಾಲ್ಕು ಲಕ್ಷದ ವಿಮೆ ಯೋಜನೆ ಇದೆ, ಬಿಡಬೇಡಿ! ಗುಂಪಾಗಿ ಹೋಗಿ ಕೇಳಿ. ಒಬ್ಬೊಬ್ಬರೇ ಹೋದರೆ ಯಾರೂ ತಲೆ ಎತ್ತಿ ನೋಡಲ್ಲ.

ಓಟು ಕೇಳೋಕೆ ಬರೋರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ. ಸ್ಪರ್ಧಾ ಆಯೋಗದ ತನಿಖೆ ಯಾವಾಗ ತೀರ್ಮಾನ ಆಗುತ್ತೆ? ವಿದೇಶಿ ಕಂಪನಿ ಬರೀ ವೇದಿಕೆ ಆಗಿರಬೇಕು, ಮಾಲಿನ ಮೇಲೆ ಹಿಡಿತ ಇಟ್ಟುಕೊಳ್ಳಬಾರದು ಅನ್ನೋ ನಿಯಮ 2019ರ ಫೆಬ್ರವರಿಯಿಂದ ಜಾರಿಯಲ್ಲಿದೆಯಲ್ಲ, ಅದನ್ನು ನೋಡೋರು ಯಾರು? ಗಿಗ್ ಕಾಯ್ದೆಯ ಶುಲ್ಕವನ್ನು ಯಾವ ಕಂಪನಿ ಎಷ್ಟು ಕಟ್ಟಿತು, ತಿಂಗಳು ತಿಂಗಳು ಬೋರ್ಡಿಗೆ ಹಾಕ್ತೀರಾ? ಉತ್ತರ ಕೊಡದವರಿಗೆ ಓಟಿಲ್ಲ ಅನ್ನಿ!

ಈ ಕರಪತ್ರ ಓದಿ ಬಿಸಾಡಬೇಡಿ. ಪಕ್ಕದ ಮನೆಗೆ ಕೊಡಿ, ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿಗೆ ಹಾಕಿ, ವಾಟ್ಸಾಪ್ ಗುಂಪಿಗೆ ಫೋಟೋ ಕಳಿಸಿ. ನಾಳೆ ಬೆಳಿಗ್ಗೆ ಹಾಲಿಗೆ ಹೋದಾಗ ತಿಂಗಳ ಸಾಮಾನಿನ ಚೀಟಿಯನ್ನೂ ಜೊತೆಗೆ ಒಯ್ಯಿರಿ, ನಿಮ್ಮ ಬೀದಿಯ ಅಂಗಡಿಯಲ್ಲೇ ಕೊಡಿ!